ದಾದಿಯ ಡಬ್ಬಿ

ಗುಂಡಿಯಮ್ಮ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಮ್ಮ ಹೊಲಿಗೆ ಕಾರ್ಖಾನೆಗೆ ಬಂದ ದಿನದಿಂದ ಅಂಗಿಗಳಿಗೆ ಗುಂಡಿ ಹಚ್ಚುವುದೇ ಅವಳ ಕೆಲಸ, ಹಾಗಾಗಿ ಅಂಟಿಕೊಂಡಿತು. ಮೈ ಕಡ್ಡಿಯಷ್ಟು, ಮಾತು ಅದಕ್ಕಿಂತ ಸಣ್ಣ. ಎಲ್ಲರಿಗಿಂತ ಮುಂಚೆ ಬಂದು ನೀರಿನ ಹೂಜಿ ತೊಳೆದು ತುಂಬಿಸಿ ಕಿಟಕಿಯ ಕೆಳಗೆ ಕೂತಳೆಂದರೆ ಸಂಜೆಯವರೆಗೆ ತಲೆ ಎತ್ತುವವಳಲ್ಲ. ಯಾರಾದರೂ ಬಾಯಾರಿ ಆಕಡೆ ಈಕಡೆ ನೋಡಿದರೆ ಮಾತ್ರ ಎದ್ದು ಲೋಟ ತಂದು ಕೈಗಿಡುವಳು. ಬಾಯಿಬಿಟ್ಟು ಕೇಳುವ ತನಕ ಯಾರನ್ನೂ ಕಾಯಿಸಿದವಳಲ್ಲ. ಆ ಗುಣ ಅವಳಿಗೆ ಎಲ್ಲಿಂದ ಬಂತೆಂದು ನಾವ್ಯಾರೂ ಯೋಚಿಸಿರಲಿಲ್ಲ.

ಅಲ್ಲಿ ಬಟ್ಟೆ ಕತ್ತರಿಸುವವನು ನಾನು, ಎಲ್ಲರ ಬಾಯಲ್ಲಿ ಮಾಸ್ಟ್ರು. ಶಾಲೆಯ ಹೊಸ್ತಿಲು ತುಳಿದವನಲ್ಲ, ಬಟ್ಟೆಯ ಥಾನುಗಳ ಮೇಲಿನ ಮುದ್ರೆ ನೋಡಿ ನೋಡಿಯೇ ಅಕ್ಷರ ಕಲಿತೆ. ಆದರೆ ಓದಿದೆನೆಂದರೆ ಗೋಡೆಯೂ ಕಿವಿ ನಿಮಿರಿಸಬೇಕು. ಜಂಬ ಅನ್ನುವವರು ಅನ್ನಲಿ. ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ಕಥೆ ಓದುವುದು ನಮ್ಮಲ್ಲಿ ರೂಢಿ. ಆ ಸಲ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು ಪರದೇಶದ ಹಳೇ ಪತ್ತೇದಾರಿ ಕಾದಂಬರಿ, ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದದ್ದು. ಕುದುರೆಗಾಡಿಯ ಕಾಲದ ಕಥೆ. ದೊಡ್ಡ ಮನೆಯ ಯಜಮಾನ ಔಷಧಿ ಕುಡಿದು ಮಲಗಿದವನು ಬೆಳಗ್ಗೆ ಏಳಲಿಲ್ಲ. ಕುಡಿಸಿದ್ದು ದಾದಿ. ಮನೆಯಲ್ಲಿ ಇನ್ನಿದ್ದವರು ಸತ್ತವನ ತಮ್ಮನ ಮಗ ಮತ್ತು ಅಡುಗೆಯವಳು. ಪತ್ತೆಗೆ ಬಂದವನು ಮಾತಿಗೊಮ್ಮೆ ಗಡಿಯಾರ ತೆಗೆದು ನೋಡುವ ಸಾಹೇಬ. ಅವರ ಹೆಸರುಗಳು ನಮ್ಮ ನಾಲಿಗೆಗೆ ಹೊರಳಲಿಲ್ಲ, ಬಿಟ್ಟೆವು.

ನೂಲಿನ ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು ಒಂದು ದಾದಿಯದು, ಒಂದು ಅಡುಗೆಯವಳದು, ಒಂದು ತಮ್ಮನ ಮಗನದು ಅಂತ ಮಾಡಿದ್ದೆವು. ದಿನದ ಓದು ಮುಗಿದೊಡನೆ ಗುಂಡಿಯಮ್ಮ ಎಲ್ಲರ ಕೈಗೂ ಒಂದೊಂದು ಒಡಕು ಗುಂಡಿ ಕೊಡುವಳು. ಯಾರ ಮೇಲೆ ಅನುಮಾನವೋ ಅವರ ಡಬ್ಬಿಗೆ ಹಾಕಬೇಕು.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಮಾಸ್ಟ್ರೇ? ಕುಡಿಸಿದವಳು ಅವಳು, ಸತ್ತವನು ಅವನು. ಗಡಿಯಾರದವನಿಗೆ ಬೇರೆ ಕಸುಬಿಲ್ಲ," ಅನ್ನುತ್ತಾ ಕಾಲರಕ್ಕ ದಿನವೂ ದಾದಿಯ ಡಬ್ಬಿಗೇ ಹಾಕುವಳು. ಅಂಗಿಯ ಕಾಲರು ಹೊಲಿಯುವವಳು ಅವಳು, ಕಾರ್ಖಾನೆಗೆಲ್ಲ ಕೇಳುವ ಗಂಟಲು.

"ನನ್ನದು ಅಡುಗೆಯವಳಿಗೆ," ಅಂದ ಇಸ್ತ್ರಿಯಣ್ಣ. "ಇಷ್ಟು ಪುಟ ಆಯ್ತು, ಒಂದು ದಿನಾನೂ ಉಪ್ಪು ಹೆಚ್ಚಾಗಿಲ್ಲ. ಅದೇ ಅನುಮಾನ."

"ಮನೇಲಿ ಹೆಂಡತಿ ಕೈ ಊಟ ಉಂಡು ಉಂಡು ನಿನಗೆ ಹಾಗನ್ಸುತ್ತೆ ಬಿಡು," ಕಾಲರಕ್ಕ ಕುಟುಕಿದಳು.

ಎಲ್ಲರೂ ನಕ್ಕರು. ಗುಂಡಿಯಮ್ಮ ಮಾತ್ರ ತನ್ನ ಪಾಲಿನ ಗುಂಡಿಯನ್ನು ಮುಷ್ಟಿಯಲ್ಲೇ ಹಿಡಿದು ಕೂತಿದ್ದಳು.

"ಯಾಕೆ ಬೀಗಿತ್ತಿ, ಗುಂಡಿ ಉಳಿಸಿ ಮಗಳಿಗೆ ಸರ ಮಾಡಿಸ್ತೀರಾ?" ಅಂದಳು ಕಾಲರಕ್ಕ.

ಬೀಗಿತ್ತಿ ಅನ್ನುವುದು ಬರೀ ತಮಾಷೆಯಲ್ಲ. ಗುಂಡಿಯಮ್ಮನ ಒಬ್ಬಳೇ ಮಗಳನ್ನು ಕಾಲರಕ್ಕ ಸೊಸೆಯಾಗಿ ತಂದುಕೊಳ್ಳುವ ಮಾತಾಗಿತ್ತು. ಹುಡುಗ, ಹುಡುಗಿ ಇಬ್ಬರೂ ಮನಸಾರೆ ಒಪ್ಪಿದ್ದರು.

ಕಥೆ ಮುಗಿಯಲು ಬಂದಾಗ ಒಂದು ಸಂಜೆ ಗುಂಡಿಯಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮಾಸ್ಟ್ರೇ, ಆ ದಾದಿ ಕೊಂದಿದ್ದಾಳಾ?"

"ಮೊದಲೇ ಹೇಳಿದರೆ ರುಚಿ ಎಲ್ಲಿರುತ್ತೆ ತಾಯಿ?"

"ರುಚಿಗಲ್ಲ ಕೇಳ್ತಿರೋದು." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಹಿಂದಿನ ಊರಲ್ಲಿ ನಾನೂ ಒಬ್ಬ ಮುದುಕಿಯನ್ನ ನೋಡ್ಕೊಳ್ತಿದ್ದೆ. ನನ್ನ ಕೈಯಿಂದ ಮಾತ್ರೆ ನುಂಗಿ ಹೋಗಿಬಿಟ್ಟರು. ಪೊಲೀಸರು ಕರ್ಕೊಂಡು ಹೋದರು. ಔಷಧಿ ಅಂಗಡಿಯವನು ತಪ್ಪು ಮಾತ್ರೆ ಕಟ್ಟಿದ್ದ ಅಂತ ಕೋರ್ಟಲ್ಲಿ ಸಾಬೀತಾಯ್ತು, ಬಿಟ್ಟರು. ಬೀದಿಯವರು ಬಿಡಲಿಲ್ಲ. ಮಗಳನ್ನ ಎತ್ಕೊಂಡು ಇಲ್ಲಿಗೆ ಬಂದೆ. ಇದನ್ನ ಮುಚ್ಚಿಟ್ಟು ಹೆಣ್ಣು ಕೊಡೋಕೆ ನನ್ನಿಂದಾಗಲ್ಲ. ಹೇಳೋಕೆ ಬಾಯೂ ಬರಲ್ಲ."

ನಾನು ಕೂತಲ್ಲೇ ಕೊನೆಯ ಅಧ್ಯಾಯದ ಮೇಲೆ ಕಣ್ಣಾಡಿಸಿದೆ. "ದಾದಿ ನಿರಪರಾಧಿ. ತಮ್ಮನ ಮಗ ಬಾಟಲಿ ಬದಲಾಯಿಸಿದ್ದಾನೆ," ಅಂದೆ.

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹಾಗಾದರೆ ನೀವು ಓದಿ ಮುಗಿಸಿ. ದಾದಿಗಾಗಿ ಕಾಲರಕ್ಕ ಅಯ್ಯೋ ಅಂದ ಗಳಿಗೇಲೇ ನಾನು ಹೇಳಿಬಿಡ್ತೀನಿ."

ಮರುದಿನ ನನ್ನಲ್ಲಿದ್ದ ದನಿಯನ್ನೆಲ್ಲ ಸುರಿದು ಓದಿದೆ. ತಮ್ಮನ ಮಗ ತಪ್ಪೊಪ್ಪಿಕೊಂಡ. ದಾದಿ ಬಿಳಿ ಕರವಸ್ತ್ರದಲ್ಲಿ ಮುಖ ಮುಚ್ಚಿ ಅತ್ತಳು. ಪುಸ್ತಕ ಮಡಿಚಿದೆ.

"ಥೂ, ಬರೆದವನು ಕಥೆ ಕೆಡಿಸಿಬಿಟ್ಟ!" ಅಂದಳು ಕಾಲರಕ್ಕ. ಎದ್ದುಹೋಗಿ ಕೈಯಲ್ಲಿದ್ದ ಗುಂಡಿಯನ್ನು ಮತ್ತೆ ದಾದಿಯ ಡಬ್ಬಿಗೇ ಟಣ್ ಅಂತ ಹಾಕಿದಳು.

"ಅವನೇ ಬಾಯಿಬಿಟ್ಟು ಒಪ್ಪಿಕೊಂಡ್ನಲ್ಲ ಅಕ್ಕ?" ಅಂದ ಇಸ್ತ್ರಿಯಣ್ಣ.

"ಒಪ್ಪಲಿ. ಊರೆಲ್ಲ ಅವಳ ಕಡೆಗೇ ಯಾಕೆ ಬೊಟ್ಟು ತೋರಿಸ್ತು? ನನ್ನ ಕಡೆ ಯಾರಾದ್ರೂ ತೋರಿಸ್ತಾರಾ? ಪುಸ್ತಕ ಬರೆದವನು ಬಿಡಬಹುದು. ನಾನಾದ್ರೆ ಅಂಥವಳ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲ್ಲ."

ಸುತ್ತ ಕೂತವರು ಹೌದು ಹೌದು ಅಂದರು. ಇಸ್ತ್ರಿಯಣ್ಣ ಕೂಡ ಗೋಣಾಡಿಸಿದ.

ಗುಂಡಿಯಮ್ಮ ನನ್ನನ್ನು ನೋಡಿದಳು. ಬೇಡ, ಇವತ್ತು ಬೇಡ ಅಂತ ನಾನು ಕಣ್ಣಲ್ಲೇ ಅಂಗಲಾಚಿದೆ. ಅವಳು ಎದ್ದು ಹೂಜಿಯ ಹತ್ತಿರ ಹೋಗಿ ಲೋಟ ತುಂಬಿಸಿ ತಂದು ಕಾಲರಕ್ಕನ ಮುಂದೆ ಹಿಡಿದಳು.

"ನೋಡಿ, ನನಗೆ ಗಂಟಲು ಒಣಗಿದ್ದು ನಮ್ಮ ಬೀಗಿತ್ತಿಗೆ ಹೇಳದೇನೇ ಗೊತ್ತಾಗುತ್ತೆ!" ಅಂತ ಕಾಲರಕ್ಕ ಗಟಗಟ ಕುಡಿಯತೊಡಗಿದಳು.

"ಅಕ್ಕ, ನಾನೂ ದಾದಿಯಾಗಿದ್ದೆ," ಅಂದಳು ಗುಂಡಿಯಮ್ಮ.

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮುದುಕಿಯದು, ಪೊಲೀಸರದು, ಕೋರ್ಟಿನದು, ಒಂದನ್ನೂ ಬಿಡಲಿಲ್ಲ. "ನನ್ನನ್ನ ಏನಾದ್ರೂ ಅನ್ನಿ, ನನ್ನ ಮಗಳನ್ನ ಮಾತ್ರ ಬಿಡಬೇಡಿ," ಅಂದಳು. ಕಾಲರಕ್ಕ ಲೋಟವನ್ನೇ ನೋಡುತ್ತಿದ್ದಳು. ಅರ್ಧ ನೀರು ಇನ್ನೂ ಉಳಿದಿತ್ತು. ಮೆಲ್ಲಗೆ ಅದನ್ನು ನೆಲದ ಮೇಲಿಟ್ಟು, ಹೋಗಿ ಮಿಷನ್ನಿನ ಮುಂದೆ ಕೂತಳು. ಸಂಜೆಯವರೆಗೂ ಅವಳ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಅವಳು ಮನೆಯಿಂದ ಬಾಟಲಿಯಲ್ಲಿ ನೀರು ತಂದಳು. ಆಮೇಲೆ ದಿನವೂ ತಂದಳು. ಸಂಬಂಧದ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗ ಕೆಲವು ದಿನ ಕಾರ್ಖಾನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ, ಆಮೇಲೆ ಅವನೂ ಬರಲಿಲ್ಲ.

ಗುಂಡಿಯಮ್ಮ ಕೆಲಸ ಬಿಡಲಿಲ್ಲ. ಬಿಟ್ಟು ಹೋಗಲು ಇನ್ನೊಂದು ಊರು ಎಲ್ಲಿಂದ ತರುವುದು? ಬೆಳಗ್ಗೆ ಹೂಜಿ ತುಂಬಿಸುವಳು, ಕಿಟಕಿಯ ಕೆಳಗೆ ಕೂರುವಳು. ಹೊಲಿಯುತ್ತಾ ಹೊಲಿಯುತ್ತಾ ಕಾಲರಕ್ಕ ಬಾಯಾರಿ ತಲೆ ಎತ್ತಿದಾಗಲೆಲ್ಲ ಇವಳಿಗೆ ತಿಳಿದುಬಿಡುತ್ತಿತ್ತು. ಸೂಜಿ ಕೆಳಗಿಟ್ಟು ಅರ್ಧ ಎದ್ದು, ಮತ್ತೆ ಕೂರುವಳು.