ಎರಡು ಕಂಬದ ನಡುವಿನ ಮಾತು

ಮೆಣಸಿನಕಾಯಿಯ ಘಾಟು ನನಗೆ ಹತ್ತುವುದಿಲ್ಲ. ಖಾರದ ಮಿಲ್ಲಿನಲ್ಲೇ ಮುದುಕಿಯಾದವಳು ನಾನು. ಮೊನ್ನೆ ಮಾತ್ರ ಹತ್ತಿತು. ಸೊಸೆ ಬಾಗಿಲಲ್ಲಿ ನಿಂತು ಫೋನ್ ಒತ್ತುತ್ತಿದ್ದಳು. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ, ನಾವು ಖಾರದ ಪುಡಿಗೆ ಬಣ್ಣ ಬೆರೆಸುತ್ತೇವೆ ಎಂದು ಹಾಕಿದ್ದರಂತೆ. ಅದಕ್ಕೆ ತಾನು ಬರೆದ ಉತ್ತರವನ್ನು ಓದಿ ಹೇಳಿದಳು: “ನಮ್ಮ ಪುಡಿಯಲ್ಲಿ ಬಣ್ಣ ಇಲ್ಲ.” ನನಗೆ ಕೆಮ್ಮು ಬಂತು. ಕೆಮ್ಮುತ್ತಲೇ ಮೈಕಿನ ಸಾಹೇಬರು ನೆನಪಾದರು...

ಆಗ ಕೆ.ಆರ್. ನಗರದಲ್ಲಿ ಯಾವ ಸುದ್ದಿಯಾದರೂ ಅವರ ಆಟೋದಲ್ಲೇ ಬರಬೇಕು. ಹೊಸ ಬಟ್ಟೆ ಅಂಗಡಿ, ನೀರು ಬಿಡದ ದಿನ, ತಪ್ಪಿಸಿಕೊಂಡ ಹಸು, ಎಲ್ಲವೂ ಅವರ ಬಾಯಲ್ಲಿ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕು. ಅಂಗಡಿಯವರು ಉದ್ದುದ್ದ ಬರೆದುಕೊಟ್ಟರೆ ಹಿಂದಕ್ಕೆ ಕೊಡುತ್ತಿದ್ದರು. “ಒಂದು ಕರೆಂಟ್ ಕಂಬದಿಂದ ಇನ್ನೊಂದಕ್ಕೆ ಓಗೋದ್ರೊಳಗೆ ಮಾತು ಮುಗೀಬೇಕು ಕಣ್ರೀ. ಆಮೇಲೆ ನಾನೆಲ್ಲೋ, ಕೇಳೋರೆಲ್ಲೋ.”

ಗಂಡ ಸತ್ತ ಮೇಲೆ ಮಿಲ್ಲು ನನ್ನ ಕೈಗೆ ಬಂದಿತ್ತು. ಖಾರದ ಮಿಲ್ಲಿಗೆ ಬೇಸಿಗೆಯೇ ಸುಗ್ಗಿ. ವರ್ಷದ ಸಾರಿನ ಪುಡಿಯನ್ನು ಎಲ್ಲರೂ ಆಗಲೇ ಮಾಡಿಸುವುದು. ಆ ಬೇಸಿಗೆ ಕೈಕೊಟ್ಟರೆ ಮಿಲ್ಲು ಮುಚ್ಚಬೇಕಿತ್ತು. ಅಂಥ ಹೊತ್ತಿನಲ್ಲಿ, ಹಿಂದಿನ ಗೋಡೆ ಕಟ್ಟಿಸೋಣವೆಂದು ಒಂದು ಲೋಡು ಇಟ್ಟಿಗೆ ತರಿಸಿ ಬಾಗಿಲಲ್ಲೇ ಇಳಿಸಿಕೊಂಡೆ. ಒಡೆದ ಇಟ್ಟಿಗೆಯ ಕೆಂಪು ಪುಡಿ ಹೊಸ್ತಿಲ ತುಂಬ ಬಿದ್ದಿತ್ತು. ಅದನ್ನು ನೋಡಿ ಯಾರು ಮೊದಲು ಅಂದರೋ, ಇವತ್ತಿಗೂ ಗೊತ್ತಿಲ್ಲ. ಖಾರದ ಪುಡಿಗೆ ಇಟ್ಟಿಗೆ ಬೆರೆಸುತ್ತಾಳೆ ಎಂಬ ಮಾತು ಊರು ಸುತ್ತಿತು. ಮಿರ್ಲೆಯಿಂದ ಬಂದ ಹೆಂಗಸರು ಚೀಲ ಇಳಿಸಿದವರು, ಇಟ್ಟಿಗೆ ನೋಡಿ, ಮತ್ತೆ ಚೀಲ ಎತ್ತಿಕೊಂಡು ಹೋದರು. ಮದುವೆ ಅಡುಗೆಯವನು, “ಬ್ಯಾಡ ಬುಡವ್ವ, ಗಂಡಿನ ಕಡೆಯೋರು ಒಪ್ಪಕಿಲ್ಲ,” ಎಂದ.

ನಾನು ನೆಟ್ಟಗೆ ಸಾಹೇಬರ ಮೈಕಿನ ಅಂಗಡಿಗೆ ಹೋದೆ.

“ಸಾಯೇಬ್ರೇ, ನಮ್ಮ ಪುಡಿಯಾಗೆ ಇಟ್ಟಿಗೆ ಇಲ್ಲ ಅಂತ ಊರೆಲ್ಲ ಕೂಗಿ.”

“ಕೂಗಕಿಲ್ಲ ಕಣಕ್ಕ.”

“ಯಾಕೆ, ನಿಮಗೂ ಅನುಮಾನವಾ?”

“ಈಗ ಅರ್ಧ ಊರಿಗೆ ಗೊತ್ತು. ನಾನು ಕೂಗಿದ್ರೆ ಮಿಕ್ಕಿದ್ದಕ್ಕೂ ಗೊತ್ತಾಯ್ತದೆ. ಇಟ್ಟಿಗೆ ಅನ್ನೋದು ಕಿವಿಗೆ ಬೀಳ್ತದೆ, ಇಲ್ಲ ಅನ್ನೋದ್ರೊಳಗೆ ಆಟೋ ಕಂಬ ದಾಟಿರ್ತದೆ.”

“ಅಂಗಾರೆ ಕತ್ಲಾದ ಮೇಲೆ ಇಟ್ಟಿಗೆ ಸಾಗಿಸ್ಬುಡ್ತೀನಿ.”

“ಸಾಗಿಸಿದ್ರೆ ಕಳ್ಳಿ ಅಂತಾರೆ. ಅದೇ ಇಟ್ಟಿಗೇಲಿ ಬಾಗಿಲ ಮುಂದೆ ಕಟ್ಟೆ ಕಟ್ಸಿ, ಎಲ್ಲಾರೂ ನೋಡೋ ಅಂಗೆ. ಮಿಷನ್ನು ರಸ್ತೆ ಕಡೆ ತಿರುಗ್ಸಿ. ಬಂದೋರು ಕುಂತ್ಕಂಡು ತಮ್ಮ ಮೆಣಸಿನಕಾಯಿ ಬೀಳೋದ್ನ ತಾವೇ ನೋಡ್ಲಿ.”

ಬೈದುಕೊಂಡೇ ಕಟ್ಟಿಸಿದೆ. ಗೋಡೆ ಹಾಗೇ ಉಳಿಯಿತು. ಕಟ್ಟೆಯ ಮೇಲೆ ಬಂದು ಕೂತವರು ಯಾರು? ಒಂದು ನಾಯಿ. ದಿನ ಕಳೆಯುತ್ತಿತ್ತು, ಬೇಸಿಗೆ ಕರಗುತ್ತಿತ್ತು. ಮೋಡ ಕಂಡರೆ, ಸುಗ್ಗಿಗೆ ಇನ್ನೆಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದೆ...

ಒಂದು ಸಂತೆಯ ದಿನ ಬೆಳಿಗ್ಗೆ ಸಾಹೇಬರ ಆಟೋ ಬಂದು ನಿಂತಿತು. ಮೈಕು ಸುಮ್ಮನಿತ್ತು. ಹಿಂದಿನ ಸೀಟಿನ ತುಂಬ ಮೆಣಸಿನಕಾಯಿ, ಧನಿಯ. ಅವರ ಮಗಳ ಮದುವೆಯ ಅಡುಗೆಗಂತೆ. ಚೀಲಗಳ ನಡುವೆ ಅವರ ಹೆಂಡತಿ ಮುಖ ಬಿಗಿದು ಕೂತಿದ್ದರು. ಇಳಿಯುತ್ತಲೇ ಗಂಡನಿಗೆ ಅಂದರು, “ಹುಣಸೂರಿಂದ ಬೀಗರು ಬತ್ತಾರೆ. ಅವ್ರ ಹಲ್ಲಿಗೆ ಒಂದು ಚೂರು ಸಿಕ್ಕಿದ್ರೂ ನನ್ನ ಮಗಳು ಸಾಯೋಗಂಟ ಮಾತು ಕೇಳ್ಬೇಕು. ನಿಮಗೆ ಬ್ಯಾರೆ ಮಿಲ್ಲೇ ಸಿಗ್ಲಿಲ್ವಾ?”

“ನೀನೇ ಕುಂತು ನೋಡು. ಅದಕ್ಕೇ ಅಕ್ಕ ಕಟ್ಟೆ ಕಟ್ಸವ್ರೆ.”

ಸಂತೆಗೆ ಹೊರಟವರು ಒಬ್ಬೊಬ್ಬರಾಗಿ ನಿಂತರು. ಮಿಷನ್ ಹಾಕಿದೆ. ಬೆರಕೆ ಇಲ್ಲವೆಂದು ನನಗೆ ಗೊತ್ತು. ಆದರೆ ಅದು ಕಲ್ಲಿನ ಮಿಲ್ಲು. ಕಲ್ಲಿನ ಒಂದು ಚಕ್ಕೆ ಎದ್ದಿದ್ದರೂ ಅಲ್ಲಿಗೆ ಮುಗಿಯಿತು. ಆ ಹೆಂಗಸು ಗಾಜಿನ ಲೋಟದಲ್ಲಿ ನೀರು ಕೇಳಿದರು. ಚಿಟಿಕೆ ಪುಡಿ ಉದುರಿಸಿ ಲೋಟವನ್ನು ಬಿಸಿಲಿಗೆ ಹಿಡಿದರು. ಇಟ್ಟಿಗೆಯಿದ್ದರೆ ತಳಕ್ಕೆ ಹೋಗುತ್ತದೆ. ರಸ್ತೆಯಲ್ಲಿ ನಿಂತವರು ಕತ್ತು ಚಾಚಿದರು. ಆಮೇಲೆ ನೀರು ಚೆಲ್ಲಿ, ತಳವನ್ನು ಬೆರಳಿನಿಂದ ಉಜ್ಜಿದರು. ಮತ್ತೆ ಉಜ್ಜಿದರು.

“ಇನ್ನೊಂಚೂರು ನುಣ್ಣಗೆ ಮಾಡಿ,” ಎಂದರು.

ಹೊಗಳಲಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು, ಅಷ್ಟೇ. ನಿಂತವರಲ್ಲಿ ಒಬ್ಬಾಕೆ ಕಟ್ಟೆಯ ಅಂಚಿಗೆ ಬಂದು ಕೇಳಿದಳು, “ಅಕ್ಕಾ, ನಾಳೆ ನಂದೂ ತರ್ಲಾ?”

ಪುಡಿ ಆಟೋಕ್ಕೆ ಏರಿದ ಮೇಲೆಯೇ ಸಾಹೇಬರು ಮೈಕು ಕೈಗೆ ತೆಗೆದುಕೊಂಡದ್ದು. “ನಿಮ್ಮ ಮೆಣಸಿನಕಾಯಿ ನೀವೇ ತನ್ನಿ, ಮುಂದೆ ಕುಂತು ಪುಡಿ ಮಾಡಿಸ್ಕೊಳ್ಳಿ.” ಕಂಬ ಬರುವುದರೊಳಗೆ ಮುಗಿದಿತ್ತು.

ಮಗಳ ಮದುವೆಯ ಊಟವನ್ನು ಯಾಕೆ ಪಣಕ್ಕೆ ಒಡ್ಡಿದಿರಿ ಎಂದು ಆಮೇಲೊಮ್ಮೆ ಕೇಳಿದೆ. “ಕೂಗಿದ್ರೆ ಎರಡನೇ ಚೀಲ ಬತ್ತದೆ ಕಣಕ್ಕ. ಮೊದಲನೇದು ಬರಕಿಲ್ಲ, ಯಾರಾದ್ರೂ ತರ್ಬೇಕು,” ಎಂದರು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಊರೆಲ್ಲ ದಿನವೂ ಕೇಳಿದ ದನಿ ಈಗ ಒಬ್ಬರ ಹತ್ತಿರವೂ ಇಲ್ಲ. ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ನಾಳೆಯೂ ಬರುತ್ತಾರಲ್ಲ ಎಂದೇ ಎಲ್ಲರೂ ಇದ್ದೆವು...

ಸೊಸೆಗೆ ಅಳಿಸು ಎಂದೆ.

“ಮತ್ತೇನ್ ಬರೀಲಿ ಅತ್ತೆ?”

“ಏನೂ ಬರೀಬ್ಯಾಡ. ಯಾರದಾದ್ರೂ ಪುಡಿ ಮಾಡೋವಾಗ ಮಿಷನ್ ಮುಂದೆ ಆ ಫೋನ್ ಇಡು. ನೋಡೋರು ನೋಡ್ಲಿ.”

“ಯಾರ್ದು ಮಾಡೋವಾಗ? ಬೆಳಿಗ್ಗೆಯಿಂದ ಒಬ್ರೂ ಬಂದಿಲ್ವಲ್ಲ.”

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಮೂಲೆಯ ಗಾರೆ ಕಿತ್ತು ಒಳಗಿನ ಇಟ್ಟಿಗೆ ಕಾಣುತ್ತಿತ್ತು. ತಿರುವಿನಲ್ಲಿ ಮೈಕಿನ ಸದ್ದು ಕೇಳಿ ಅರ್ಧ ಎದ್ದೆ. ಯಾವುದೋ ಫೋನ್ ಅಂಗಡಿಯ ಆಟೋ. ಓಡಿಸುವವನ ಬಾಯಿ ಮುಚ್ಚಿತ್ತು, ಎಲ್ಲೋ ತುಂಬಿಸಿಟ್ಟ ದನಿ ಕೂಗುತ್ತಿತ್ತು. ಅದು ನನ್ನ ಮುಂದೆಯೇ ಒಂದು ಕಂಬ ದಾಟಿತು, ಇನ್ನೊಂದು ದಾಟಿತು. ಮಾತು ಮುಗಿದಿರಲಿಲ್ಲ.