ಎಕ್ಸ್‌ಟೆನ್ಷನ್ ಬಾಕ್ಸಿಗೊಂದು ಕವರು

ನಮ್ಮತ್ತೆಗೆ ಬೀದಿಯವರು ಇಟ್ಟ ಹೆಸರು ಕವರಮ್ಮ. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ನಮ್ಮ ಮನೆಯಲ್ಲಿ ಟಿವಿಗೆ ಕವರಿದೆ, ಮಿಕ್ಸಿಗಿದೆ, ಫ್ರಿಜ್ಜಿಗಿದೆ, ಫ್ರಿಜ್ಜಿನ ಹಿಡಿಕೆಗೆ ಬೇರೆಯೇ ಇದೆ. ರಿಮೋಟಿಗೆ ಪ್ಲಾಸ್ಟಿಕ್ ಸುತ್ತಿ ಸುತ್ತಿ, ಯಾವ ಗುಂಡಿ ಯಾವುದೆಂದು ತಿಳಿಯದೆ ಮಾವ ಕೊನೆಗಾಲದಲ್ಲಿ ಸುದ್ದಿ ನೋಡುವುದನ್ನೇ ಬಿಟ್ಟರು. ಅವರೊಬ್ಬರಿಗೆ ಕವರು ಹೊಲಿಸಿರಲಿಲ್ಲ. ತೀರಿಕೊಂಡ ಮೇಲೆ ಫೋಟೋಗೆ ಹೊಲಿಸಿದರು.

ಇವನ್ನೆಲ್ಲ ಹೊಲಿದವಳು ನನ್ನ ವಾರಗಿತ್ತಿ, ಅತ್ತೆಯ ಹಿರಿಮಗನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಭಾವ ಹೋದ ಮೇಲೆ ಈ ಮನೆಯಲ್ಲಿ ಅಕ್ಕನಿಗೆ ಉಳಿದದ್ದು ಹಿಂದಿನ ಕೋಣೆ, ಒಂದು ಹೊಲಿಗೆ ಯಂತ್ರ ಮತ್ತು ಅತ್ತೆಯ ಬಾಯಿ.

ಅತ್ತೆ ಹುಟ್ಟುತ್ತಲೇ ಹೀಗಿದ್ದರೆಂದು ನಾನು ಹೇಳುವುದಿಲ್ಲ. ತಾಯಿಯಿಲ್ಲದ ಅವರು ಸೋದರತ್ತೆಯ ಮನೆಯ ಮೂಲೆಯಲ್ಲಿ ಬೆಳೆದವರು. ಅಲ್ಲಿಗೆ ಬಂದ ನೆಂಟರೊಬ್ಬರು ಇವರ ಹರಿದ ಹಾಸಿಗೆಯನ್ನು ಕಾಲಿನಿಂದ ಸರಿಸಿ ನಕ್ಕರಂತೆ. ಅದನ್ನು ಹೇಳುವಾಗ ಈಗಲೂ ಅವರ ಗಲ್ಲ ನಡುಗುತ್ತದೆ. ಮೊದಮೊದಲು ಕೇಳಿ ನನಗೂ ಅಯ್ಯೋ ಪಾಪ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಅವರಿಗೆ ನೋವಾದದ್ದು ನಿಜ, ಅದನ್ನು ಜೋಪಾನವಾಗಿಟ್ಟುಕೊಂಡು ಸೊಸೆಗೆ ಬಡಿಸಿದ್ದೂ ನಿಜ.

ಹಿಂದಿನ ಕೋಣೆಯಲ್ಲಿ ಒಂದು ದೀಪ ಬಿಟ್ಟರೆ ಪ್ಲಗ್ ಪಾಯಿಂಟೇ ಇಲ್ಲ. ಹೊಲಿಗೆ ಯಂತ್ರದ ಮೋಟರಿಗೂ ಇಸ್ತ್ರಿ ಪೆಟ್ಟಿಗೆಗೂ ಕರೆಂಟು ನಡುಮನೆಯಿಂದಲೇ ಬರಬೇಕು. ಅದಕ್ಕೆಂದು ನನ್ನ ಗಂಡ ಉದ್ದ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ತಂದುಕೊಟ್ಟರು. ಅತ್ತೆ ಅದನ್ನು ನೋಡಿದ ತಕ್ಷಣ ಮೂಗು ಮುರಿದರು.

"ನಡುಮನೇಲಿ ಹಾವು ಬಿಟ್ಟ ಹಾಗೆ ವೈರು ಬಿದ್ದಿದ್ರೆ ಬಂದವರು ಏನಂದ್ಕೋತಾರೆ?"

ನಡುಮನೆಯ ವೈರು ಕಾರ್ಪೆಟ್ಟಿನ ಕೆಳಗೆ ಹೋಯಿತು. ಮಿಕ್ಕದ್ದನ್ನು ಬಿಗಿಯಾಗಿ ಸುತ್ತಿ, ರಿಬ್ಬನ್ ಕಟ್ಟಿ, ಅಕ್ಕನ ಕೋಣೆಯಲ್ಲಿ ಬಾಕ್ಸಿನ ಪಕ್ಕ ಕೂರಿಸಿದರು. ಎರಡಕ್ಕೂ ಸೇರಿ ಒಂದು ಕವರು. ಹಳೆಯ ರಜಾಯಿಯ ಹತ್ತಿ ತುಂಬಿ, ಸುತ್ತಲೂ ನೀಲಿ ಫ್ರಿಲ್ ಇಟ್ಟದ್ದು. ಅಕ್ಕನೇ ಹೊಲಿಯಬೇಕಾಯಿತು.

ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಅದನ್ನು ಕಂಡು, "ಯಾಕಮ್ಮಾ, ಇದಕ್ಕೆ ಚಳಿಯಾಗುತ್ತಾ?" ಎಂದು ನಕ್ಕ. ಆಮೇಲೆ ಕವರು ಎತ್ತಿ ಮುಟ್ಟಿ ನೋಡಿದವನಿಗೆ ನಗು ನಿಂತಿತು. "ಸುತ್ತಿಟ್ಟ ವೈರು ಕಾಯುತ್ತೆ ಅಮ್ಮ. ಇಸ್ತ್ರಿ ಹಾಕಿದಾಗ ಪೂರ್ತಿ ಬಿಚ್ಚಿಡಿ. ಮೇಲೆ ಬಟ್ಟೆ, ಕಾರ್ಪೆಟ್ಟು ಏನೂ ಬೇಡ. ಹೀಟರಂತೂ ಇದಕ್ಕೆ ಹಾಕ್ಲೇಬೇಡಿ, ಗೋಡೆ ಪ್ಲಗ್ಗಿಗೇ ಹಾಕಿ."

"ನೀನು ಫ್ಯಾನ್ ನೋಡಪ್ಪ," ಎಂದರು ಅತ್ತೆ.

ಅಂದಿನಿಂದ ಅದೊಂದು ಆಟವಾಯಿತು. ಇಸ್ತ್ರಿ ಮಾಡುವ ಮೊದಲು ಅಕ್ಕ ವೈರು ಬಿಚ್ಚಿಡುವುದು, ಅವಳು ಎದ್ದು ಅತ್ತ ಹೋದರೆ ಅತ್ತೆ ಮತ್ತೆ ಸುತ್ತಿ ರಿಬ್ಬನ್ ಕಟ್ಟುವುದು. ಚಳಿಗಾಲ ಬಂದಾಗ ಅತ್ತೆ ಮಂಡಿನೋವೆಂದು ತಮ್ಮ ಹೀಟರನ್ನೂ ಹೊತ್ತು ತಂದು ಅದೇ ಬಾಕ್ಸಿಗೆ ಚುಚ್ಚಿದರು. ನಿಜವಾದ ಕಾರಣ ಮಂಡಿಯಲ್ಲ, ಅಲ್ಲಿ ಕೂತರೆ ಸೊಸೆಯ ಕೆಲಸದಲ್ಲಿ ಕೊಂಕು ತೆಗೆಯಬಹುದು.

"ಅತ್ತೆ, ಕೈಯಿಟ್ಟು ನೋಡಿ, ಎಷ್ಟು ಬಿಸಿಯಾಗಿದೆ."

"ಚಳೀಲಿ ಬಿಸಿಯಾದ್ರೆ ಒಳ್ಳೇದೇ ಅಲ್ವಾ? ಬಾಕ್ಸಿಗೆ ಮೂರು ತೂತು ಯಾಕೆ ಇಟ್ಟಿದ್ದಾರೆ, ನೋಡೋಕಾ?"

ಆ ಚಳಿಗಾಲದಲ್ಲೇ ಅಕ್ಕನಿಗೆ ಅದೃಷ್ಟದ ಬಾಗಿಲು ತೆರೆದಂತಾಯಿತು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಯಜಮಾನಿ ಎಲ್ಲೋ ಅಕ್ಕ ಹೊಲಿದ ಕೋಟು ನೋಡಿ, ಬಟ್ಟೆ ಕತ್ತರಿಸುವ ಮೇಜಿನ ಕೆಲಸಕ್ಕೆ ಬರುತ್ತೀಯಾ ಎಂದು ಹೇಳಿಕಳಿಸಿದ್ದರು. ಒಮ್ಮೆ ಕೈಕೆಲಸ ಕಣ್ಣಾರೆ ನೋಡಲು ಮನೆಗೇ ಬರುತ್ತೇನೆ ಎಂದರಂತೆ. ಅಕ್ಕ ಅಡುಗೆಮನೆಗೆ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಅಂಗಡಿ ಮಹಡೀಲಿ ಇರೋಕೆ ರೂಮೂ ಕೊಡ್ತಾರಂತೆ ಕಣೆ. ಗೋಡೇಲೇ ಎರಡು ಪ್ಲಗ್ಗಿದೆಯಂತೆ!"

ಹಾಗೆ ನಗುವ ಅಕ್ಕನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅತ್ತೆ ಬೇಡ ಎನ್ನಲಿಲ್ಲ. ಯಜಮಾನಿ ಬರುವ ದಿನ ಬೆಳಿಗ್ಗೆಯಿಂದ ಕಾರ್ಪೆಟ್ಟು ಕೊಡವಿದರು, ವೈರನ್ನು ಎಂದಿಗಿಂತ ಬಿಗಿಯಾಗಿ ಸುತ್ತಿದರು, ಕವರಿನ ಫ್ರಿಲ್ಲನ್ನು ಬೆರಳಿನಿಂದ ತೀಡಿ ತೀಡಿ ನೆಟ್ಟಗೆ ಮಾಡಿದರು. ಬಂದವರಿಗೆ ಬೆಚ್ಚಗಿರಲೆಂದು ಹೀಟರನ್ನು ಪೂರ್ತಿ ಹೆಚ್ಚಿಸಿಟ್ಟರು.

ಯಜಮಾನಿ ಬಂದು ಕುರ್ಚಿಯಲ್ಲಿ ಕೂತರು. ಅಕ್ಕ ಅವರೆದುರೇ ಒಂದು ಕಾಲರ್ ಕತ್ತರಿಸಿ, ಹೊಲಿದು, ಇಸ್ತ್ರಿ ಹಾಕತೊಡಗಿದಳು. ಬಾಗಿಲಲ್ಲಿ ನಿಂತಿದ್ದ ನನಗೇ ಸುಟ್ಟ ವಾಸನೆ ಬಂತು. ಅಕ್ಕನಿಗೂ ಬಂತು. "ಒಂದು ನಿಮಿಷ, ಆ ಹೀಟರ್ ತೆಗೀತೀನಿ," ಎಂದು ಬಗ್ಗಿದಳು. ಅತ್ತೆ ನಗುಮುಖದಲ್ಲೇ ಅವಳ ರಟ್ಟೆ ಹಿಡಿದು ಪಿಸುಗುಟ್ಟಿದರು. "ಬಂದವರ ಮುಂದೆ ಮಾನ ತೆಗೀಬೇಡ. ಕೆಲಸ ನೋಡು."

ಅಕ್ಕ ಕೆಲಸ ನೋಡಿದಳು. ಸ್ವಲ್ಪ ಹೊತ್ತಿಗೆ ಫ್ರಿಲ್ಲಿನ ಕೆಳಗಿನಿಂದ ಹೊಗೆ ಎದ್ದಿತು, ಹಿಂದೆಯೇ ಬೆಂಕಿ. ಮೇಜಿನಿಂದ ಇಳಿಬಿದ್ದಿದ್ದ ಬಟ್ಟೆಗೆ ತಗುಲುತ್ತದೆಂದು ಅಕ್ಕ ಕವರನ್ನು ಬಲಗೈಯಲ್ಲಿ ಬಾಚಿ ಎಳೆದಳು. ಉರಿಯುವ ಹತ್ತಿಯೂ ಕರಗಿದ ಪ್ಲಾಸ್ಟಿಕ್ಕೂ ಒಟ್ಟಿಗೆ ಅವಳ ಬೆರಳುಗಳಿಗೆ ಮೆತ್ತಿಕೊಂಡವು. ನಾನು ಪ್ಲಗ್ ಕೀಳಲು ನಡುಮನೆಗೆ ಓಡಿದೆ. ಅಷ್ಟರಲ್ಲಿ ಅತ್ತೆ ನನಗಿಂತ ಮುಂಚೆ ಅಲ್ಲಿದ್ದರು. ಪ್ಲಗ್ಗಿನ ಹತ್ತಿರ ಅಲ್ಲ. ದಾರಿಗೆ ಅಡ್ಡವಾಗಿ ಮಂಡಿಯೂರಿ ಕಾರ್ಪೆಟ್ಟು ಸುತ್ತುತ್ತಿದ್ದರು. ಒಳಗಿನಿಂದ ಅಕ್ಕನ ಕಿರುಚಾಟ ಕೇಳುತ್ತಿತ್ತು. ಅವರನ್ನು ಹಾರಿಕೊಂಡು ಹೋಗಿ ಪ್ಲಗ್ ಕಿತ್ತೆ. ಅವರ ತಲೆಗೊಂದು ಒದೆಯಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಯಜಮಾನಿ ಆಸ್ಪತ್ರೆಯವರೆಗೂ ಬಂದರು, ಹಣ್ಣು ತಂದರು. ಅಕ್ಕನ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಅಂಗೈಗೆ ಮುರುಟಿಕೊಂಡಿವೆ, ಇನ್ನು ಕತ್ತರಿ ಹಿಡಿಯಲಾಗದು ಎಂದು ಡಾಕ್ಟರು ಹೇಳಿದ ದಿನದಿಂದ ಅವರು ಬರುವುದು ನಿಂತಿತು. ಮೇಜಿಗೆ ಬೇರೆ ಯಾರೋ ಬಂದರಂತೆ. ಅತ್ತೆ ಕೇಳಿದವರಿಗೆಲ್ಲ, "ಅವಳದೇ ಆತುರ. ಎಳೆಯದೆ ಇದ್ದಿದ್ರೆ ಕವರಷ್ಟೇ ಹೋಗ್ತಿತ್ತು," ಎಂದರು. ಗೋಡೆಯ ಮಸಿ ಕಾಣದಂತೆ ಕಪಾಟು ಸರಿಸಿದರು. ನನ್ನ ಗಂಡ ತಾಯಿಗೆ ಎದುರಾಡದೆ ಹೊಸ ಬಾಕ್ಸ್ ತಂದುಕೊಟ್ಟರು. ಆ ಬಾಕ್ಸನ್ನು ಅತ್ತೆ ತಮ್ಮ ಕೋಣೆಗೆ ಒಯ್ದು, ವೈರು ಸುತ್ತಿ, ರಿಬ್ಬನ್ ಕಟ್ಟಿ, ಮಂಚದ ತಲೆದೆಸೆಗೆ ಇಟ್ಟುಕೊಂಡು ಹೀಟರ್ ಚುಚ್ಚಿದರು. ನಾನು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಮತ್ತೆ ನೆನಪಿಸಿದೆ. "ಅದು ಹಳೇ ಬಾಕ್ಸು. ಇದು ಹೊಸದು," ಎಂದರು.

ಅಕ್ಕನ ಕೈಯ ಕಟ್ಟು ಬಿಚ್ಚಿದ ಮೇಲೆ ಒಂದು ದಿನ ನೆಂಟರು ಬರುವವರಿದ್ದರು. ಅತ್ತೆ ಅಕ್ಕನ ಕೈಯನ್ನೇ ನೋಡುತ್ತ ನಿಂತು, ಬೆಣ್ಣೆಯಂಥ ದನಿಯಲ್ಲಿ ಹೇಳಿದರು.

"ಬಂದವರಿಗೆ ನೋಡೋಕೆ ಒಂಥರಾ ಆಗುತ್ತೆ ಕಣಮ್ಮಾ. ಅದಕ್ಕೊಂದು ಕವರು ಹೊಲ್ಕೋ."

ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ "ಆಗ್ಲಿ ಅತ್ತೆ" ಎಂದಳು. ಮೋಟರಿಲ್ಲದೆ ಕಾಲಿನಲ್ಲೇ ಯಂತ್ರ ತುಳಿದು, ಎಡಗೈಯಿಂದ ಬಟ್ಟೆ ತಳ್ಳಿ ತಳ್ಳಿ ಹೊಲಿದಳು. ಸೂಜಿಗೆ ದಾರ ಪೋಣಿಸಿದವಳು ನಾನು. ಕೈಚೀಲದಂಥದ್ದು ಸಿದ್ಧವಾಯಿತು, ಬಾಯಿಗೆ ನೀಲಿ ಫ್ರಿಲ್. ಅತ್ತೆಯೇ ಅದನ್ನು ಅವಳ ಕೈಗೆ ತೊಡಿಸಿ, ರಿಬ್ಬನ್ ಕಟ್ಟಿ, ಹಿಂದೆ ಸರಿದು ನೋಡಿ, "ಈಗ ನೋಡು, ಗೊತ್ತೇ ಆಗಲ್ಲ," ಎಂದು ಸಂತೋಷಪಟ್ಟರು.

ಅಕ್ಕ ಯಂತ್ರದಿಂದ ಏಳಲಿಲ್ಲ. ಉಳಿದ ಬಟ್ಟೆಯಲ್ಲಿ ಇನ್ನೊಂದನ್ನು ಶುರುಮಾಡಿದಳು. ಚೌಕವಾದದ್ದು, ದೊಡ್ಡದು. ಹಳೆಯ ದಿಂಬು ಹರಿದು ಅದರ ಹತ್ತಿಯನ್ನೆಲ್ಲ ಅದರೊಳಕ್ಕೆ ತುರುಕಿದಳು.

"ಅಷ್ಟೊಂದು ಹತ್ತಿ ಯಾಕಕ್ಕ?" ಎಂದೆ.

"ಅತ್ತೆ ಹೊಸ ಬಾಕ್ಸಿಗೆ. ದಪ್ಪ ಇದ್ರೇನೇ ಅವರಿಗಿಷ್ಟ."

ನಾನು ಅವಳ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು. ಸೂಜಿಯಿಂದ ದಾರ ಜಾರಿತ್ತು. ನಾನು ಮತ್ತೆ ಪೋಣಿಸಿಕೊಟ್ಟೆ.

ಕವರು ನೋಡಿ ಅತ್ತೆ ಹಿಗ್ಗಿ ಹೀರೇಕಾಯಿಯಾದರು, ಸೊಸೆಯ ಕೆನ್ನೆ ಸವರಿದರು, ತಾವೇ ಅದನ್ನು ಬಾಕ್ಸಿಗೂ ಸುತ್ತಿದ ವೈರಿಗೂ ಹೊದಿಸಿದರು. ಸಂಜೆ ಚಳಿ ಏರಿದಾಗ ತಮ್ಮ ಕೋಣೆಯಿಂದ ಕೂಗಿದರು. "ಹೀಟರ್ ಹಾಕಿ ಬಾಗಿಲು ಮುಂದೆ ಮಾಡ್ಕೊಂಡು ಹೋಗ್ರಮ್ಮಾ, ಒಂದು ನಿದ್ದೆ ತೆಗೀತೀನಿ."

ಅಕ್ಕ ಎದ್ದುಹೋಗಿ ಎಡಗೈಯಿಂದ ಸ್ವಿಚ್ ಒತ್ತಿ, ಬಾಗಿಲು ಮುಂದೆ ಮಾಡಿ ಬಂದಳು. ನಾನು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತ ನಿಂತೆ.