ತಾಳದ ಹೊಸ ದಾರ

ನನ್ನವರ ತಾಳವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ. ಇನ್ನೊಬ್ಬರಿಗೆ ಕೊಡುವ ವಸ್ತು ಹೊಳೆಯುತ್ತಿರಬೇಕು ಎಂಬುದು ತವರಿನಲ್ಲಿ ಕಲಿತ ಪಾಠ. ಎರಡು ಬಟ್ಟಲುಗಳನ್ನು ಜೋಡಿಸಿದ್ದ ದಾರ ಬೆವರಿಗೆ ಕಪ್ಪಾಗಿತ್ತು. ಅದನ್ನು ಕತ್ತರಿಸಿ ಬಿಳಿಯ ಹೊಸ ದಾರ ಪೋಣಿಸಿದೆ. ಹಳೆಯದು ಬೆಳಗಿನ ಕಸದ ಗಾಡಿಗೆ ಹೋಯಿತು. ಗಾಡಿ ತಿರುವು ದಾಟಿದ ಮೇಲೆ ಹೊಳೆಯಿತು, ಆ ಕಪ್ಪು ಅವರ ಬೆರಳುಗಳದ್ದು ಎಂದು.

ನನ್ನವರು ತೀರಿಹೋಗಿ ಎಂಟು ತಿಂಗಳಾಗಿತ್ತು. ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡ್ ಬಳಿಯ ನಮ್ಮ ಹೋಟೆಲನ್ನು ಭಾವ ನೋಡಿಕೊಳ್ಳುತ್ತಿದ್ದರು. ನನಗೆ ದಿನಕ್ಕೆ ಮಾತೆಂದರೆ ಬಾಗಿಲಿಗೆ ಬರುವ ತರಕಾರಿಯವಳ ಜೊತೆ ನಾಲ್ಕು ಮಾತು ಮರಾಠಿ, ಅಷ್ಟೆ.

ಗುರುವಾರ ಸಂಜೆ ನನ್ನವರು ಎದುರಿನ ಗುಡಿಯ ಹಾಲ್‌ಗೆ ಭಜನೆಗೆ ಹೋಗುತ್ತಿದ್ದರು. ನಾನು ಹೋದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಹಾಗೆ ಕಣ್ಣು ಮುಚ್ಚಿ, ತುಟಿ ಮಾತ್ರ ಅಲುಗಿಸಿ ಬೇಡಿಕೊಳ್ಳುವುದು ನನ್ನ ರೂಢಿ. "ನಿನ್ನ ದೇವರಿಗೆ ಕಿವಿ ಚುರುಕು ಮಾರಾಯ್ತಿ, ನಮ್ಮವನನ್ನು ಬಡಿದೇ ಎಬ್ಬಿಸಬೇಕು" ಎಂದು ಅವರು ನಗುತ್ತಿದ್ದರು. ಅವರು ಹೋದ ಮೇಲೆ ನನ್ನ ಸದ್ದಿಲ್ಲದ ಪ್ರಾರ್ಥನೆಯೂ ನಿಂತುಹೋಯಿತು. ಸದ್ದಿಲ್ಲದ್ದು ಮನೆಯಲ್ಲಿ ಬೇಕಾದಷ್ಟಿತ್ತು.

ತಾಳವನ್ನು ಭಜನೆಯವರಿಗೆ ಕೊಟ್ಟು, ಬಾಗಿಲು ಹಾಕಿಕೊಂಡುಬಿಡೋಣ ಅಂದುಕೊಂಡು ಹಾಲ್‌ಗೆ ಹೋದೆ. ಅಲ್ಲಿ ಹಾಡು ಎತ್ತಿಕೊಡುವವರು ಕಲಬುರಗಿ ಕಡೆಯ ಒಬ್ಬ ಅಜ್ಜಿ. ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಮುದುಕಿಯಾದವರು. ಅವರು ತಾಳವನ್ನು ತಿರುವಿ ನೋಡಿದರು, ಹೊಸ ದಾರವನ್ನು ಬೆರಳಲ್ಲಿ ಸವರಿದರು. ನನ್ನ ಕೈಗೇ ವಾಪಸು ಇಟ್ಟರು.

"ಮನಿಗೆ ಒಯ್ರಿ ಯವ್ವಾ. ಗುರುವಾರ ನೀವೇ ತರ್ರಿ. ನೀವು ಬರೂತನಕ ನಾವು ಸುಮ್ನ ಕೂಡ್ತೀವಿ."

ಬಾಯಿಮಾತಿಗೆ ಹೇಳಿದ್ದಾರೆ ಅಂದುಕೊಂಡೆ. ಮುಂದಿನ ಗುರುವಾರ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹಾಲ್‌ನ ದೀಪ ಕಾಣುತ್ತಿತ್ತು, ಬಾಗಿಲಲ್ಲಿ ಚಪ್ಪಲಿಗಳ ರಾಶಿಯೂ. ಹಾಡು ಮಾತ್ರ ಕೇಳಲಿಲ್ಲ. ಕುಕ್ಕರ್ ಮೂರು ಸಲ ಕೂಗಿತು. ಆಮೇಲೂ ಇಲ್ಲ. ಅಷ್ಟು ಜನ ನನಗಾಗಿ ಸುಮ್ಮನೆ ಕೂತಿದ್ದಾರೆಂಬುದನ್ನು ತಾಳಲಾರದೆ ಗ್ಯಾಸ್ ಆರಿಸಿ, ಉಟ್ಟ ಸೀರೆಯಲ್ಲೇ ತಾಳ ಹಿಡಿದು ಇಳಿದುಹೋದೆ.

"ಬರ್ರಿ, ಕಾಲು ಜೋಮು ಹಿಡದಾವ" ಅಂದರು ಅಜ್ಜಿ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ.

ನನ್ನ ಪೆಟ್ಟು ಒಂದೂ ನೆಟ್ಟಗೆ ಬೀಳಲಿಲ್ಲ. ಯಾರೂ ತಿದ್ದಲಿಲ್ಲ. ನನ್ನ ತಡವರಿಕೆಗೆ ಹೊಂದುವಂತೆ ಹಾಡನ್ನೇ ನಿಧಾನ ಮಾಡಿಕೊಂಡರು. ಎಷ್ಟು ನಿಧಾನವೆಂದರೆ, ನಡುವೆ ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ತಾಳ ಎತ್ತುವಷ್ಟು.

ಈಗ ಬೆರಳು ಹಿಡಿಯುವ ಕಡೆ ದಾರ ಸ್ವಲ್ಪ ಮಾಸಿದೆ. ತೊಳೆಯುವುದಿಲ್ಲ. ಅವರ ದಾರದಷ್ಟು ಕಪ್ಪಾಗಲು ಇನ್ನೂ ಬಹಳ ಗುರುವಾರಗಳು ಬೇಕು.